ಒಂದು ಮನೆ ಖಾಲಿ

ಗಾದಿಲಿಂಗಪ್ಪ ಮೊದಲು ತೋರಿಸಿದ್ದು ಮನೆಯನ್ನಲ್ಲ,
ಮೀಟರಿನ ಹಲಗೆ.
ಸುಣ್ಣ ಉದುರಿದ ಗೋಡೆಗೆ ಎಂಟು ಕಪ್ಪು ಡಬ್ಬಿ,
ಏಳರಲ್ಲಿ ಚಕ್ರ ತಿರುಗುತ್ತಿತ್ತು.
“ಮೊದ್ಲು ಇದನ್ನ ಓದಮ್ಮ, ಪತ್ರ ಆಮೇಲೆ.
ಎಷ್ಟು ಮನ್ಯಾಗ ಜನ ಅದಾರೆ ಅಂತ
ಮಾಲೀಕ ಸುಳ್ಳು ಹೇಳಬಹುದು, ಇದು ಹೇಳಲ್ಲ.”

ಕೌಲ್‌ಬಜಾರಿನ ಒಳಓಣಿ. ಕೆಳಗೆ ನಾಲ್ಕು, ಮೇಲೆ ನಾಲ್ಕು.
ಒಂದೇ ಮೆಟ್ಟಿಲು; ಏರುವವರು ಗೋಡೆಗೆ ಒತ್ತಿ ನಿಂತು
ಇಳಿಯುವವರಿಗೆ ದಾರಿ ಬಿಡಬೇಕು.
ಇಪ್ಪತ್ತೆರಡು ವರ್ಷ ಜೀನ್ಸಿಗೆ ಝಿಪ್ಪು ಹೊಲಿದವಳು ನಾನು,
ಮೊದಲು ಮಂದಿಯ ಮಶೀನಿನಲ್ಲಿ,
ಆಮೇಲೆ ನನ್ನವೇ ಆರರಲ್ಲಿ.
ಉಗುರಸಂದಿನ ನೀಲಿ ಇನ್ನೂ ಹೋಗಿಲ್ಲ.
ಬ್ಯಾಂಕಿನ ಹುಡುಗ ಅದನ್ನೇ ನೋಡುತ್ತಿದ್ದ,
ಹೆಬ್ಬೆಟ್ಟಿನ ಮಸಿ ಮುಂದೆ ತಳ್ಳಿದ.
ನಾನು ಪೆನ್ನು ಕೇಳಿದೆ.

ನಾದಿನಿ ಮಾರೆಕ್ಕ ಬಳೆ ಬಿಚ್ಚಿಟ್ಟು ಪಾಲು ಕೇಳಿದಳು:
ಎಂಟರಲ್ಲಿ ಎರಡು. ಬಾಯಿಮಾತಲ್ಲ, ಪತ್ರದಲ್ಲಿ.
ಒಂದು ರಾತ್ರಿ ಸಿಟ್ಟು ಬಂತು.
ಬೆಳಗಾದ ಮೇಲೆ ಅನ್ನಿಸಿತು,
ಸುಮ್ಮನೆ ಕೊಟ್ಟಿದ್ದರೆ ಸಾಯುವ ತನಕ ಹೇಳಿತೋರಿಸುತ್ತಿದ್ದಳು.

ಮಿರ್ಚಿ ಕಟ್ಟಿದ ಕಾಗದದ ಹಿಂದೆ
ಗಾದಿಲಿಂಗಪ್ಪ ಲೆಕ್ಕ ಬರೆಸಿದ.
ಎಂಟು ಮನೆ ಬಾಡಿಗೆ, ಬರಿ.
ಈಗ ಅದ್ರಾಗ ಒಂದು ಹೊಡೆದುಹಾಕು.
“ಒಂದು ಮನೆ ಯಾವಾಗ್ಲೂ ಖಾಲಿ ಅಂತ ಬರಕೋ.
ತುಂಬಿದ್ರೂ ಖಾಲಿ.
ಎಂಟೂ ತುಂಬ್ತಾವಂತ ಕಂತು ಕಟ್ಟೋಕೆ ಹೋದೋರು
ಎಷ್ಟು ಮಂದಿ ಕೀಲಿಗೊಂಚಲು ನನ್ನ ಕೈಗೇ ಕೊಟ್ಟಾರೆ.”
ಉಳಿದದ್ದರಲ್ಲಿ ಬ್ಯಾಂಕಿನ ಕಂತು, ಕಂದಾಯ,
ಸಂಪಿನ ಮೋಟರು, ಎರಡನೇ ಮನೆಯ ಸೋರುವ ಬಚ್ಚಲು,
ಮೆಟ್ಟಿಲಿನ ಬಲ್ಬು.
ಕೊನೆಗೆ ಎಣ್ಣೆಕಲೆಯ ಮೇಲೆ ಕೂತಿತು
ತಿಂಗಳ ನನ್ನ ಲಾಭ:
ಒಂದು ಸಾವಿರದ ಒಂಬೈನೂರು.
ನಾನು ನಕ್ಕೆ. ಅವನು ನಗಲಿಲ್ಲ.

ಒಂದನೇ ತಾರೀಖು ಬಂತು.
ಬಾಡಿಗೆ ಕಟ್ಟುವುದು ಗೊತ್ತಿತ್ತು ನನಗೆ,
ಚೀಟಿ ಸುತ್ತಿ, ನೋಟು ಎಣಿಸಿ,
“ಒಂದು ನೂರು ಕಡಿಮೆ ಐತೆ, ಶನಿವಾರ” ಅನ್ನುವುದು.
ಕೇಳುವುದು ಗೊತ್ತಿರಲಿಲ್ಲ.
ಬಾಗಿಲು ಹೇಗೆ ತಟ್ಟುತ್ತಾರೆ?
ನಮ್ಮ ಮನೆ ಮಾಲೀಕ ಉಂಗುರದಿಂದ ಬಡಿಯುತ್ತಾನೆ
ಕಬ್ಬಿಣದ ಜಾಲರಿಗೆ, ಮೂರು ಸಲ.
(ಹೌದು, ಎಂಟು ಮನೆ ಕೊಂಡ ಮೇಲೂ
ನಾನಿರುವುದು ಬಾಡಿಗೆ ಮನೆಯಲ್ಲೇ.)
ಆ ಸದ್ದಿಗೆ ಇವತ್ತಿಗೂ
ಕೈಯಲ್ಲಿದ್ದ ತುತ್ತು ತಟ್ಟೆಗೆ ಬೀಳುತ್ತದೆ.

ಎರಡು ಸಲ ಮೆಟ್ಟಿಲು ಹತ್ತಿ ಇಳಿದೆ.
ಹೊನ್ನೂರಪ್ಪನ ಕಂಡಕ್ಟರ್ ಚಪ್ಪಲಿ,
ಖಾಜಾಬಿಯ ಇಡ್ಲಿ ಪಾತ್ರೆ ಬೋರಲು,
ನರ್ಸು ಸುಗುಣಾಳ ಬಿಳಿ ಕೋಟು ಹಗ್ಗದ ಮೇಲೆ.
ಎಲ್ಲಾ ನೋಡಿದೆ, ಯಾರನ್ನೂ ಕರೆಯಲಿಲ್ಲ.
ಎರಡನೇ ತಾರೀಖೂ ಹೀಗೇ ಹೋಯಿತು.
ಮಾರೆಕ್ಕ ಫೋನು ಮಾಡಿದಳು: “ನನ್ನ ಎರಡು ಮನೆ ಎಷ್ಟು ಕೊಟ್ಟವು?”

ಅವತ್ತು ರಾತ್ರಿ ಎರಡೂವರೆಗೆ
ಓಣಿಯ ನಲ್ಲಿ ಕೆಮ್ಮಿತು. ಒಂಬತ್ತು ದಿನದ ಮೇಲೆ.
ಮೋಟರಿನ ಸದ್ದಿಗೆ ಕಾದು, ವಾಲ್ವು ತಿರುಗಿಸಲು
ಅಲ್ಲೇ ಸಂಪಿನ ಕಟ್ಟೆಯ ಮೇಲೆ ಮಲಗಿದ್ದೆ.
ಎದ್ದವಳು ಓಡಿದೆ.
ಅಂಗೈಯಿಂದ ತಟ್ಟಿದೆ ಒಂದನ್ನು, ಎರಡನ್ನು.
ಒಳಗಿಂದ ನಿದ್ದೆಗಣ್ಣಿನ ದನಿ: “ಯಾರದು?”
ಮಾಲೀಕಳು ಅನ್ನಲು ಬಾಯಿ ಬರಲಿಲ್ಲ.
“ನೀರು” ಅಂದೆ.
ಎಂಟನೆಯದನ್ನೂ ತಟ್ಟಿದೆ, ಓಟದ ಭರದಲ್ಲಿ.
ಒಳಗೆ ಯಾರೂ ಇಲ್ಲ;
ನನ್ನ ಕೈಯ ಸದ್ದು ಕೋಣೆಯೆಲ್ಲ ತಿರುಗಿ ಬಂತು.

ಬೆಳಕಾದ ಮೇಲೆ ನನ್ನ ಬಾಡಿಗೆ ಮನೆಗೆ ಬಂದರೆ
ಅಲ್ಲಿ ನಲ್ಲಿ ಬಂದು ಹೋಗಿತ್ತು.
ನನ್ನ ಬಾಗಿಲು ಯಾರೂ ತಟ್ಟಿರಲಿಲ್ಲ.
ಖಾಲಿ ಕೊಡ ಹಿಡಿದು ಮತ್ತೆ ಕೌಲ್‌ಬಜಾರು.
ಖಾಜಾಬಿ ಏನೂ ಕೇಳದೆ ತುಂಬಿಕೊಟ್ಟಳು.
ಸೊಂಟಕ್ಕೆ ಕೊಡ ಏರಿಸುತ್ತ ಅವಳೇ ಅಂದಳು,
“ಐದಕ್ಕೆ ಕೊಡ್ತೀನವ್ವಾ.
ಈ ಸಲ ಒಂದು ನೂರು ಕಡಿಮೆ ಐತೆ.”

ಶನಿವಾರ ಎಂದು ನಾನು ಅನ್ನಲಿಲ್ಲ.
ಅವಳೇ ಅಂದಳು.